ಚೀಮಲಗುಂಟೆಯ ಹಾಲ್ಟ್ ಬಸ್ಸು

ಹೆಂಡತಿ ಹೊಸ ಸೀರೆ ಉಟ್ಟು ಎದುರಿಗೆ ಬಂದು ನಿಂತು "ಹೇಗಿದೆ?" ಎಂದು ಕೇಳಿದಾಗ ಗಂಡನಾದವನು ಮೊದಲು ತಲೆ ಎತ್ತಬೇಕು. ಆಮೇಲೆ ಏನು ಬೇಕಾದರೂ ಹೇಳಿಕೊಳ್ಳಲಿ. ಸತ್ಯಮೂರ್ತಿ ಅವತ್ತು ಬೆಳಿಗ್ಗೆ ತಲೆ ಎತ್ತಲಿಲ್ಲ. ಊಟದ ಮೇಜಿನ ಮೇಲೆ ಚೀಮಲಗುಂಟೆಯ ನಕ್ಷೆ ಹರಡಿಕೊಂಡು, ಅದರ ಒಂದು ಮೂಲೆಗೆ ಉಪ್ಪಿನಕಾಯಿ ಜಾಡಿ, ಇನ್ನೊಂದು ಮೂಲೆಗೆ ತನ್ನ ಮೊಣಕೈ ಇಟ್ಟು, "ಚೆನ್ನಾಗಿದೆ ಕಣೇ, ತುಂಬಾ ಚೆನ್ನಾಗಿದೆ" ಎಂದ. ಅದನ್ನು ಅವನು ನಕ್ಷೆಗೆ ಹೇಳಿದ ಹಾಗಿತ್ತು.

ಕವಿತ ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ನೆತ್ತಿಯ ಜೊತೆ ಮಾತಾಡುವುದು ಅವಳಿಗೆ ಅಭ್ಯಾಸವಾಗಿತ್ತು.

"ಸೀರೆ ಹಾಳಾಗ್ಲಿ ಬಿಡಿ. ಇವತ್ತು ನನ್ ಹುಟ್ಟಿದಬ್ಬ ಅನ್ನೋದಾದ್ರೂ ನೆನಪಿದೆಯಾ?"

"ಇದೆಯಲ್ಲ! ಸಂಜೆ ಏನಾದ್ರೂ ತರ್ತೀನಿ."

"ಏನೂ ತರ್ಬೇಡಿ. ದಿನಾ ನಾನೇ ಬಂದು ಬೀಗ ತೆಗೀಬೇಕು, ಕತ್ತಲೇಲಿ ತಡಕಾಡಿ ಸ್ವಿಚ್ ಹಾಕ್ಬೇಕು. ಇವತ್ತು ಒಂದಿನ ನಾನು ಬರೋ ಹೊತ್ಗೆ ಮನೇಲಿ ದೀಪ ಹಚ್ಚಿರ್ಬೇಕು. ಬಾಗಿಲನ್ನ ಯಾರಾದ್ರೂ ಒಳಗಿಂದ ತೆಗೀಬೇಕು. ಅಷ್ಟಾದ್ರೆ ಸಾಕು ನಂಗೆ."

ಈ ಮಾತಿಗೆ ಸತ್ಯಮೂರ್ತಿ ತಲೆ ಎತ್ತಿದ. ಆದರೆ ಅಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ಗೇಟು ದಾಟಿ ಆಗಿತ್ತು. "ಇರ್ತೀನಿ ಕಣೇ, ದೇವರಾಣೆ ಇರ್ತೀನಿ!" ಎಂದು ಖಾಲಿ ಬಾಗಿಲಿಗೆ ಕೂಗಿ ಹೇಳಿದ. ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ರಂಗೋಲಿ ಹಾಕುತ್ತಿದ್ದವರು ತಿರುಗಿ ನೋಡಿ, "ಯಾರಿಗಪ್ಪ ಆಣೆ ಭಾಷೆ, ಬೆಳಿಗ್ಗೆ ಬೆಳಿಗ್ಗೆ?" ಎಂದರು.

ಸತ್ಯಮೂರ್ತಿಯ ಮನೆ ಗೌರಿಬಿದನೂರಿನಲ್ಲಿ, ಆಫೀಸು ಚಿಕ್ಕಬಳ್ಳಾಪುರದಲ್ಲಿ, ಹೆಂಡತಿಯ ಶಾಲೆ ಶಿಡ್ಲಘಟ್ಟದಲ್ಲಿ. ಇದರಲ್ಲಿ ವಿಶೇಷವೇನೂ ಇಲ್ಲ, ಈ ಸೀಮೆಯ ಅರ್ಧ ಜನ ಹೀಗೇ ಬದುಕುತ್ತಾರೆ. ವಿಶೇಷವೇನೆಂದರೆ ಅವನ ಕೆಲಸ. ಅವನು ಯೋಜನಾ ಕಚೇರಿಯಲ್ಲಿ ಸಹಾಯಕ. ಸಾರಿಗೆಯನ್ನೂ ಭೂಬಳಕೆಯನ್ನೂ ಒಟ್ಟಿಗೆ ಕೂರಿಸಿ ಯೋಚಿಸುವುದು ಅವನ ಪಾಲಿನ ಕೆಲಸ. ಕೆಲಸದ ಹತ್ತಿರ ಮನೆ ಇರಬೇಕು, ಮನೆಯ ಹತ್ತಿರ ಬಸ್ಸು ಬರಬೇಕು, ಮನುಷ್ಯ ಜೀವಮಾನವನ್ನು ದಾರಿಯಲ್ಲಿ ಕಳೆಯಬಾರದು ಎಂದು ಅವನು ಸಭೆ ಸಭೆಯಲ್ಲೂ ಹೇಳುತ್ತಿದ್ದ. ಹೇಳಿ ಮುಗಿಸಿ, ಬ್ಯಾಗು ಹೆಗಲಿಗೇರಿಸಿ, ಕಿಕ್ಕಿರಿದ ಬಸ್ಸಿನಲ್ಲಿ ಒಂದು ಕಾಲಿನ ಮೇಲೆ ನಿಂತು ಊರು ಸೇರುತ್ತಿದ್ದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಹಾಗೆ. ಜನರಿಗೆ ಬಸ್ಸಲ್ಲಿ ಓಡಾಡಿ ಎಂದು ಹೇಳುವವನು ತಾನೇ ಸ್ಕೂಟರು ಇಟ್ಟುಕೊಂಡರೆ ಚೆನ್ನಾಗಿರುವುದಿಲ್ಲವೆಂದು ಇದ್ದ ಸ್ಕೂಟರನ್ನೂ ಮಾರಿದ್ದ.

ಇದ್ದುದರಲ್ಲಿ ಕವಿತಳೇ ಪುಣ್ಯವಂತೆ. ಅವಳಿಗೆ ಸಂಜೆ ಚಿಂತಾಮಣಿ ಕಡೆಯಿಂದ, ಊರೂರು ಸುತ್ತಿ ಬಂದರೂ, ನೇರ ಬಸ್ಸೊಂದಿತ್ತು. ಶಿಡ್ಲಘಟ್ಟ ಸ್ಟ್ಯಾಂಡಿನಲ್ಲಿ ಹತ್ತಿ, ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿದರೆ ಗೌರಿಬಿದನೂರಿನಲ್ಲೇ ಬಿಡುವುದು. "ಬಸ್ಸಲ್ಲ ರೀ ಅದು, ತೊಟ್ಲು" ಎನ್ನುತ್ತಿದ್ದಳು. ಸತ್ಯಮೂರ್ತಿಗೆ ಆ ಬಸ್ಸಿನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಇತ್ತು.

ಅವತ್ತಿನ ಕೆಲಸ ಚೀಮಲಗುಂಟೆಯಲ್ಲಿ. ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಹಳ್ಳಿ. ಅವನ ಯೋಜನೆಯಲ್ಲಿ ಕಾಗದ ಬಿಟ್ಟು ನೆಲಕ್ಕೆ ಇಳಿದದ್ದು ಅದೊಂದೇ. ಶಾಲೆ, ಹಾಲಿನ ಡೇರಿ, ಆರೋಗ್ಯ ಕೇಂದ್ರ ಮೂರಕ್ಕೂ ಹತ್ತಿರವಾಗುವ ಜಾಗ ಹುಡುಕಿ, ಅಲ್ಲೊಂದು ಬಸ್ ತಂಗುದಾಣ ಕಟ್ಟಿಸಿದ್ದ. ಬಿಸಿಲು ಎತ್ತಲಿಂದ ಬೀಳುತ್ತದೆ, ಗಾಳಿ ಎತ್ತಲಿಂದ ಬೀಸುತ್ತದೆ ಎಂದು ನೋಡಿ ನೋಡಿ, ಮಗಳ ಮದುವೆಗೆ ಗಂಡು ನೋಡಿದಷ್ಟು ಆಸ್ಥೆಯಿಂದ ಅದರ ಮೂತಿ ಯಾವ ಕಡೆಗಿರಬೇಕೆಂದು ಗೊತ್ತುಮಾಡಿದ್ದ. ತಂಗುದಾಣ ಬಂತು. ಬಸ್ಸು ಬರಲಿಲ್ಲ. ಅವನು ಕೇಳಿದ್ದು ಹಾಲ್ಟ್ ಬಸ್ಸು. ಸಂಜೆ ಬಂದು, ರಾತ್ರಿ ಊರಲ್ಲೇ ಮಲಗಿ, ಬೆಳಿಗ್ಗೆ ಊರವರನ್ನು ಹೊತ್ತುಕೊಂಡು ಹೊರಡುವ ಬಸ್ಸು. ಇವತ್ತು ಮಧ್ಯಾಹ್ನ ಯೋಜನಾ ಕಚೇರಿಯ ದೊಡ್ಡ ಅಧಿಕಾರಿ ಅನ್ವಿತಾ ಮೇಡಂ, ಜೊತೆಗೆ ಬಸ್ ಡಿಪೋದ ಮೋಹನ್‌ಬಾಬು ಬಂದು ನೋಡುವವರಿದ್ದರು. ತಂಗುದಾಣದಲ್ಲಿ ಜನ ಇದ್ದರೆ ಬಸ್ಸು ಉಂಟು. ಇಲ್ಲದಿದ್ದರೆ ಯೋಜನೆಗೆ ಅಲ್ಲೇ ಮಂಗಳ. ಆಮೇಲೆ ಯಾಕೆ ಹೀಗಾಯಿತು ಎಂದು ಸಂಜೆಯೆಲ್ಲ ಆಫೀಸಿನಲ್ಲಿ ಕೂತು ಸಮಜಾಯಿಷಿ ಬರೆಯಬೇಕು. ಮನೆಯಲ್ಲಿ ದೀಪ ಹಚ್ಚುವ ಮಾತಂತೂ ದೂರವೇ ಉಳಿಯಿತು.

ಶಿಡ್ಲಘಟ್ಟದಿಂದ ಆಟೋದಲ್ಲಿ ಹಾಲಿನ ಕ್ಯಾನುಗಳ ನಡುವೆ ಮಡಚಿಕೊಂಡು ಕೂತು ಸತ್ಯಮೂರ್ತಿ ಚೀಮಲಗುಂಟೆಯಲ್ಲಿ ಇಳಿದ. ಇಳಿದವನು ಅಲ್ಲೇ ನಿಂತ. ತಂಗುದಾಣ ತುಂಬಿತ್ತು, ಕಾಲಿಡಲು ಜಾಗವಿಲ್ಲದ ಹಾಗೆ ತುಂಬಿತ್ತು. ಆದರೆ ಮನುಷ್ಯರಿಂದಲ್ಲ. ಗೋಡೆಯಿಂದ ಗೋಡೆಗೆ ಚಂದ್ರಿಕೆಗಳು ಒರಗಿ ನಿಂತಿದ್ದವು. ಬಿದಿರಿನ ತಡಿಕೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಸುತ್ತಿದ ಆ ದೊಡ್ಡ ದೊಡ್ಡ ಚಂದ್ರಿಕೆಗಳ ತುಂಬ ಮೇಯುವುದು ಮುಗಿದು ಹಣ್ಣಾದ ರೇಷ್ಮೆಹುಳುಗಳು ತಲೆ ಆಡಿಸುತ್ತಾ ಗೂಡು ಕಟ್ಟುತ್ತಿದ್ದವು. ಮುಂದೆ ಒಬ್ಬಳು ಮುದುಕಿ ಬೇವಿನ ಸೊಪ್ಪು ಹಿಡಿದು ಕಾವಲು ಕೂತಿದ್ದಳು. ಊರಿಗೆಲ್ಲ ಅವಳು ಪೆದ್ದಮ್ಮ.

"ಅಜ್ಜೀ, ಇದು ಬಸ್ ಸ್ಟಾಪು!" ಎಂದ ಸತ್ಯಮೂರ್ತಿ.

"ಮೆಲ್ಲಗೆ ಮಾತಾಡು ನಾಯನಾ. ನಂಗೊತ್ತು ಬಸ್ ಸ್ಟಾಪು ಅಂತ. ಬಸ್ಸೆಲ್ಲಿ?"

ಸತ್ಯಮೂರ್ತಿ ರಸ್ತೆಯ ಎರಡೂ ಕಡೆ ನೋಡಿದ.

"ಹೋದ ವಾರ ಗಾಳಿಗೆ ಹುಳದ್ ಮನೆ ಶೀಟೆಲ್ಲ ಹಾರೋಯ್ತು" ಎಂದಳು ಪೆದ್ದಮ್ಮ. "ನಿನ್ನೆ ಹುಳ ಹಣ್ಣಾಯ್ತು. ಹಣ್ಣಾದ ಹುಳ ನಾಳೆ ಬಾ ಅಂದ್ರೆ ಕೇಳ್ತದಾ? ಇಲ್ ತಂದಿಟ್ಟೆ. ಏನ್ ಹೇಳ್ಲಿ ನಾಯನಾ, ಬಿಸಿಲು ಬೀಳಲ್ಲ, ಗಾಳಿ ನಿಲ್ಲಲ್ಲ, ಇಂಥ ಜಾಗ ನನ್ ಜೀವಮಾನದಲ್ಲಿ ನೋಡಿಲ್ಲ. ಇದನ್ ಕಟ್ಟಿದೋನು ಯಾರೋ ಹುಳ ಸಾಕಿದ ಮನೆ ಮಗನೇ ಇರ್ಬೇಕು. ಅವನ ಹೊಟ್ಟೆ ತಣ್ಣಗಿರ್ಲಿ."

ಕಟ್ಟಿಸಿದವನಿಗೆ ಹೆಮ್ಮೆಯಿಂದ ಎದೆ ಉಬ್ಬಿತು, ಅದರ ಹಿಂದೆಯೇ ಕೈಗಡಿಯಾರದ ಕಡೆ ಕಣ್ಣು ಹೋಯಿತು. ಇಷ್ಟು ದಿನ ಯೋಜನೆ ಬರೆದಿದ್ದ. ಅದರ ಬಗ್ಗೆ ಒಬ್ಬರಾದರೂ ಒಂದು ಒಳ್ಳೆಯ ಮಾತಾಡಿದ್ದು ಇದೇ ಮೊದಲು. ಅದೂ ಇವತ್ತೇ ಆಗಬೇಕಿತ್ತೇ!

"ಸ್ವಲ್ಪ ಹೊತ್ತು ಆಚೆ ಇಟ್ರೆ ಆಗಲ್ವಾ ಅಜ್ಜೀ? ಮಧ್ಯಾಹ್ನ ಆಫೀಸರು ಬಂದು ಹೋಗೋ ಗಂಟ?"

ಪೆದ್ದಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಣಂತೀನ ಮಂಚದಿಂದ ಎಬ್ಬಿಸಿ ರೋಡಲ್ಲಿ ನಿಲ್ಲಿಸ್ತೀಯಾ? ಗೂಡು ಕಟ್ಟೋವಾಗ ಅಲ್ಲಾಡಿಸಿದ್ರೆ ನೂಲು ಕಡೀತದೆ. ಒಂದ್ ಬೆಳೆ ಹೋದ್ರೆ ನಂಗೆ ಇನ್ನೊಂದಿಲ್ಲ ನಾಯನಾ." ಕೊನೆಯ ಮಾತನ್ನು ಜಗಳದ ದನಿಯಲ್ಲಿ ಹೇಳಲಿಲ್ಲ. ಹಾಗಾಗಿ ಸತ್ಯಮೂರ್ತಿ ಮತ್ತೆ ಕೇಳಲಾರದೆ ಹೋದ.

ಅವನು ಎದುರಿನ ಹುಣಸೆಮರದ ಕೆಳಗಿನ ಟೀ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕುಸಿದ. ಅಂಗಡಿಯ ಮುನಿನಾರಾಯಣಪ್ಪ ಕೇಳದೆಯೇ ಟೀ ಕೊಟ್ಟ, ಟೀಯ ಜೊತೆಗೆ ಸಲಹೆಯನ್ನೂ ಕೇಳದೆಯೇ ಕೊಟ್ಟ. ಚೀಮಲಗುಂಟೆಯಲ್ಲಿ ಅವನ ಸಲಹೆ ಇಲ್ಲದೆ ಕೋಳಿ ಸಹ ಮೊಟ್ಟೆ ಇಡುತ್ತಿರಲಿಲ್ಲ.

"ಶಾಮಿಯಾನದ ಬಟ್ಟೆ ಇದೆ ಸಾರ್ ನನ್ ಹತ್ರ. ಮುಂದ್ಗಡೆ ಕಟ್ಟಿ ಸುಸ್ವಾಗತ ಅಂತ ಬರೆದ್ಬಿಡಣ. ಒಳಗೆ ಏನಿದೆ ಯಾರಿಗ್ ಕಾಣತ್ತೆ?"

ಕಟ್ಟಿದರು. ಪೆದ್ದಮ್ಮ ಎದ್ದು ಬಂದು ಕಿತ್ತು ಹಾಕಿದಳು. "ಗಾಳಿ ನಿಂತ್ರೆ ಹುಳ ಸಾಯ್ತದೆ. ನಿನ್ ಮೊಮ್ಮಗನ ಮೂತಿಗೆ ಕಟ್ಟು ಹೋಗು ಈ ಬಟ್ಟೇನ!"

ಮುನಿನಾರಾಯಣಪ್ಪ ಸೋಲುವ ಆಸಾಮಿಯಲ್ಲ. "ಬಟ್ಟೆ ಬೇಡ ಅಂದ್ರೆ ಬೇಡ. ಜನಾನೇ ಅಡ್ಡ ನಿಲ್ಲಿಸಣ ಸಾರ್. ಬಸ್ಸಿಗೆ ಕಾಯೋ ಜನಾನೂ ಆಯ್ತು, ಗೋಡೆನೂ ಆಯ್ತು. ಎರಡು ಮಾರು ದೂರ ನಿಂತ್ರೆ ಗಾಳಿಗೇನ್ ಕಷ್ಟ?"

ಸುಳ್ಳು ಹೇಳುವುದು ಸತ್ಯಮೂರ್ತಿಗೆ ಹೆಸರಿನಿಂದಲೇ ಒಗ್ಗದ ಕೆಲಸ. ಆದರೆ ಅವನ ಕಣ್ಣ ಮುಂದೆ ಗೌರಿಬಿದನೂರಿನ ಕತ್ತಲು ಮನೆ, ಬಾಗಿಲಲ್ಲಿ ಕೀಲಿಗಾಗಿ ಚೀಲ ತಡಕುತ್ತಿರುವ ಕವಿತ ಬಂದು ನಿಂತಳು. "ಮಾಡಿ" ಎಂದುಬಿಟ್ಟ.

ಮುನಿನಾರಾಯಣಪ್ಪ ಬೀದಿ ಬೀದಿಯಲ್ಲಿ ಕೂಗಿಕೊಂಡು ಬಂದ. "ಬಸ್ಸಿಗ್ ಕಾಯೋರ ತರ ಬನ್ರಪ್ಪೋ! ಆಫೀಸರು ಬರ್ತಾರೆ, ಬಸ್ಸಿಗ್ ಕಾಯೋರ ತರ ಬನ್ರಮ್ಮೋ!" ಚೀಮಲಗುಂಟೆಯವರು ಕೆಲಸವನ್ನು ಅರೆಬರೆ ಮಾಡುವವರಲ್ಲ. ಹೆಂಗಸರು ಮದುವೆಗೆ ಇಟ್ಟ ಸೀರೆ ತೆಗೆದು ಉಟ್ಟರು. ಒಬ್ಬ ಖಾಲಿ ಟ್ರಂಕು ಹೊತ್ತು ತಂದ. ಇನ್ನೊಬ್ಬ ಬುತ್ತಿ ಕಟ್ಟಿಸಿಕೊಂಡು ಬಂದು, ಕಾಯುವ ಹೊತ್ತಿನಲ್ಲಿ ಹಸಿವಾಗಿ ಅದನ್ನು ತಿಂದೂಬಿಟ್ಟ. ಮೇಕೆ ಹಿಡಿದು ಬಂದ ಆದಿಲಕ್ಷ್ಮಮ್ಮನನ್ನು "ಮೇಕೆ ಯಾಕಮ್ಮ?" ಎಂದು ಕೇಳಿದರೆ, "ಬಿಟ್ ಬಂದ್ರೆ ಕೂಗಾಡ್ತದೆ ಸಾರ್" ಎಂದಳು.

"ಎಲ್ಲಿಗೆ ಹೋಗ್ತೀರಾ ಅಂತ ಮೇಡಂ ಕೇಳ್ತಾರೆ" ಎಂದು ಸತ್ಯಮೂರ್ತಿ ಪಾಠ ಹೇಳಿಕೊಟ್ಟ. "ಚಿಕ್ಕಬಳ್ಳಾಪುರ ಅನ್ನಿ. ಗೊತ್ತಾಯ್ತಾ?"

"ನಾನ್ಯಾಕೆ ಅನ್ಲಿ?" ಎಂದರು ಹಿರಿಯರಾದ ವೆಂಕಟರಾಮಪ್ಪ, ಕೋಲು ಊರಿಕೊಂಡು. "ನಾನು ಎಲ್ಲಿಗೂ ಹೋಗಲ್ಲ. ಈ ವಯಸ್ಸಲ್ಲಿ ಸುಳ್ಳು ಹೇಳಿಸ್ಬೇಡಪ್ಪ."

"ನೀವು ಮಾತಾಡ್ಬೇಡಿ ಯಜಮಾನ್ರೇ, ಸುಮ್ನೆ ನಿಂತಿರಿ. ಗೋಡೆ ಮಾತಾಡತ್ತಾ?" ಎಂದು ಮುನಿನಾರಾಯಣಪ್ಪ ಅವರನ್ನು ನಡುವೆ ನಿಲ್ಲಿಸಿದ.

ಜೀಪು ಹೇಳಿದ ಹೊತ್ತಿಗಿಂತ ಮೊದಲೇ ಬಂತು. ತಿರುವಿನಲ್ಲಿ ಡ್ರೈವರು ಹಾರನ್ನು ಹೊಡೆದ. ನಿಂತಿದ್ದ ಜನ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟು "ಶ್ಶ್!" ಎಂದರು. ಇಳಿಯುತ್ತಿದ್ದ ಅನ್ವಿತಾ ಮೇಡಂ ಬೆಚ್ಚಿ, ಊರಲ್ಲಿ ಯಾರಾದರೂ ತೀರಿಕೊಂಡಿದ್ದಾರೋ ಏನೋ ಎಂದುಕೊಂಡು ಮುಖ ಸಣ್ಣಗೆ ಮಾಡಿಕೊಂಡರು. ಅವರ ಹಿಂದೆ ಮೋಹನ್‌ಬಾಬು ಇಳಿದರು. ಬಸ್ಸು ಕೇಳಲು ಬರುವವರನ್ನು ನೋಡಿ ನೋಡಿ ಅವರ ಮುಖದಲ್ಲಿ 'ಇಲ್ಲ' ಎಂಬುದು ಕಾಯಂ ಆಗಿ ನೆಲೆಸಿತ್ತು.

"ತುಂಬಾ ಜನ ಇದ್ದಾರಲ್ರೀ ಸತ್ಯಮೂರ್ತಿ!" ಎಂದರು ಮೇಡಂ. "ಆದ್ರೆ ಎಲ್ಲರೂ ಬಿಸಿಲಲ್ಲೇ ನಿಂತಿದ್ದೀರಲ್ಲ, ನೆರಳಿಗೆ ಹೋಗಿ ಕೂತ್ಕೊಳ್ಳಿ."

ಯಾರೂ ಕದಲಲಿಲ್ಲ. "ನಮ್ಮೂರೋರಿಗೆ ಬಿಸಿಲಂದ್ರೆ ಪ್ರಾಣ ಮೇಡಂ" ಎಂದ ಮುನಿನಾರಾಯಣಪ್ಪ.

ಮೇಡಂ ಆದಿಲಕ್ಷ್ಮಮ್ಮನ ಕಡೆ ತಿರುಗಿದರು. "ಎಲ್ಲಿಗಮ್ಮ ಹೊರಟಿದ್ದೀರಾ, ಮೇಕೆ ಹಿಡ್ಕೊಂಡು?"

ಆದಿಲಕ್ಷ್ಮಮ್ಮ ಮೇಕೆಯನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು, ಕೊನೆಗೆ ಸತ್ಯಮೂರ್ತಿಯ ಕಡೆ ತಿರುಗಿ ಗಟ್ಟಿಯಾಗಿಯೇ ಕೇಳಿದಳು: "ಎಲ್ಲಿಗೆ ಅಂದಿದ್ರಿ ಸಾರ್? ಮರ್ತೋಯ್ತು."

ವೆಂಕಟರಾಮಪ್ಪ ಅದಕ್ಕೇ ಕಾದಿದ್ದವರಂತೆ ಕೋಲು ಎತ್ತಿ ಮುಂದೆ ಬಂದರು. "ನಾವ್ಯಾರೂ ಎಲ್ಲಿಗೂ ಹೋಗ್ತಿಲ್ಲಮ್ಮ. ನಿಂತ್ಕೊಳಿ ಅಂದ್ರು, ನಿಂತಿದ್ದೀವಿ." ಅವರು ಮುಂದೆ ಬಂದ ಕಡೆ ಗೋಡೆಯಲ್ಲಿ ಬಾಗಿಲಷ್ಟು ಸಂದು ಬಿತ್ತು. ಆ ಸಂದಿನಲ್ಲಿ ಚಂದ್ರಿಕೆಗಳೂ ಬೇವಿನ ಸೊಪ್ಪು ಹಿಡಿದ ಪೆದ್ದಮ್ಮನೂ ಚಿತ್ರ ತೂಗುಹಾಕಿದ ಹಾಗೆ ಕಾಣಿಸಿಕೊಂಡರು.

"ಇದೇನ್ರೀ, ಬಸ್ ಸ್ಟಾಪಾ ಹುಳದ ಮನೇನಾ?" ಎಂದು ಮೋಹನ್‌ಬಾಬು ನಕ್ಕರು. "ಹೋಗಣ ಮೇಡಂ. ನಾನ್ ಹೇಳಿರ್ಲಿಲ್ವಾ?"

ಸತ್ಯಮೂರ್ತಿ ಕೈಮುಗಿದು ನಿಂತ. "ತಪ್ಪು ನಂದು ಮೇಡಂ. ಜನ ನಿಲ್ಲಿಸಿದ್ದು ನಾನು. ಹುಳ ಮಾತ್ರ ನಿಜ. ಅಜ್ಜೀನ ಅಲ್ಲಿಂದ ಎಬ್ಬಿಸ್ಬೇಡಿ, ಅಷ್ಟೇ ಕೇಳ್ಕೊಳ್ಳೋದು" ಎಂದ.

ಮೇಡಂ ಎರಡು ಹೆಜ್ಜೆ ಮುಂದೆ ಹೋಗಿ, ಥಟ್ಟನೆ ನಿಂತು, ಮತ್ತೆ ಹಿಂದಕ್ಕೆ ಸರಿದರು. "ಸೆಂಟು ಹಾಕ್ಕೊಂಡಿದ್ದೀನಿ ಪೆದ್ದಮ್ಮ, ಆ ವಾಸನೆ ಹುಳಕ್ಕಾಗಲ್ಲ, ಹತ್ರ ಬರಲ್ಲ. ಎಷ್ಟು ಹೊತ್ತಾಯ್ತು ಚಂದ್ರಿಕೆಗೆ ಬಿಟ್ಟು?"

ಪೆದ್ದಮ್ಮನ ಮುಖ ಅರಳಿತು. "ನಿನ್ನೆ ಸಂಜೆ ತಾಯಿ. ನಿಮ್ದು ಯಾವೂರು?"

"ಜಂಗಮಕೋಟೆ. ಅಜ್ಜಿ ಮನೇಲಿ ಬೆಳೆದಿದ್ದು. ಹುಳ ಹಣ್ಣಾದ್ರೆ ನಮಗೆಲ್ಲ ಸ್ಕೂಲಿಗೆ ರಜ." ಮೇಡಂ ಕತ್ತು ಚಾಚಿ ದೂರದಿಂದಲೇ ಚಂದ್ರಿಕೆಗಳನ್ನು ನೋಡುತ್ತಾ ನಿಂತರು. ಒಂದು ಗಳಿಗೆ ಅಲ್ಲಿ ಅಧಿಕಾರಿ ಇರಲಿಲ್ಲ, ಅಜ್ಜಿ ಮನೆಯ ಮೊಮ್ಮಗಳಿದ್ದಳು. "ಈ ಗೂಡನ್ನ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೇಗೆ ಸಾಗಿಸ್ತೀರಾ?"

"ಆಟೋದೋನ ಕಾಲು ಹಿಡ್ಕೊಂಡು. ಅವನು ಹೊತ್ತಾಗಿ ಬಂದ್ರೆ ಅಷ್ಟೊತ್ಗೆ ರೇಟೂ ಬಿದ್ದೋಗಿರ್ತದೆ."

ಮೇಡಂ ಜನರ ಕಡೆ ತಿರುಗಿದರು. "ಇವತ್ತು ನೀವ್ಯಾರೂ ಎಲ್ಲಿಗೂ ಹೋಗ್ತಿಲ್ಲ, ಸರಿ. ನಿಜವಾಗ್ಲೂ ಬಸ್ಸು ಬಂದ್ರೆ ಎಲ್ಲಿಗೆ ಹೋಗ್ತೀರಾ?"

ಹೇಳಿಕೊಟ್ಟ ಪಾಠ ಮರೆತವರು ಈಗ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಆದಿಲಕ್ಷ್ಮಮ್ಮನ ಗಂಡನನ್ನು ವಾರ ವಾರ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಟ್ರಂಕಿನವನ ಮಗಳು ಕಾಲೇಜು ಬಿಟ್ಟು ಮನೆಯಲ್ಲಿದ್ದಳು. ಕೊನೆಗೆ ವೆಂಕಟರಾಮಪ್ಪ ಕೋಲಿನ ತುದಿ ನೋಡುತ್ತಾ ಹೇಳಿದರು: "ನಾನು ಮಗಳ ಮನೆಗೆ ಹೋಗ್ತೀನಮ್ಮ. ಚಿಂತಾಮಣಿ ಹತ್ರ. ಬೆಳಿಗ್ಗೆ ಹೋದ್ರೆ ಸಂಜೆ ಬರಕ್ಕೆ ಬಸ್ಸಿಲ್ಲ. ಅಳಿಯನ ಮನೇಲಿ ರಾತ್ರಿ ನಿಲ್ಲಕ್ಕೆ ನಂಗೆ ಸಂಕೋಚ. ಮೊಮ್ಮಗು ನಡೀತದಂತೆ ಈಗ. ನಾನಿನ್ನೂ ನೋಡಿಲ್ಲ."

ಟ್ರಂಕಿನವನು ಟ್ರಂಕನ್ನು ಕೆಳಗಿಟ್ಟು, ಅದರ ಮೇಲೆ ಅವರನ್ನು ಕೂರಿಸಿದ.

"ಮಿಶ್ರ ಭೂಬಳಕೆ ಅಂತ ವರದಿಯಲ್ಲಿ ಬರೀತೀವಲ್ಲ ಸತ್ಯಮೂರ್ತಿ, ಇದೇ ನೋಡಿ" ಎಂದರು ಮೇಡಂ. "ಜನ ಕೂರೋ ಜಾಗದಲ್ಲೇ ಬೆಳೆ, ಬೆಳೆ ಇರೋ ಕಡೆಯೇ ಬಸ್ಸು. ಮೋಹನ್‌ಬಾಬು, ಹಾಲ್ಟ್ ಬಸ್ಸು ಕೊಡಿ."

"ಮುಂದಿನ ತಿಂಗ್ಳು ನೋಡಣ ಮೇಡಂ."

ಆಗ ಸತ್ಯಮೂರ್ತಿ ತನ್ನ ನೌಕರಿಯಲ್ಲೇ ಮೊದಲ ಸಲ ಮೇಲಿನವರ ಮಾತಿಗೆ ಅಡ್ಡ ಬಾಯಿ ಹಾಕಿದ. "ಮುಂದಿನ ತಿಂಗಳು ಅಂದ್ರೆ ಫೈಲು ಮಲಗತ್ತೆ ಸಾರ್. ಇವತ್ತೇ ಆಗ್ಲಿ. ಇವತ್ತು ಸಂಜೇನೇ ಬರ್ಲಿ. ಜನವಿಲ್ಲದೆ ಓಡೋ ಗಾಡಿ ಒಂದಾದ್ರೂ ಇಲ್ವಾ ನಿಮ್ಮಲ್ಲಿ? ಅದನ್ನ ಈ ಕಡೆ ತಿರುಗಿಸಿ!"

ಊರವರು ಚಪ್ಪಾಳೆ ಹೊಡೆಯಲು ಕೈ ಎತ್ತಿ, ಪೆದ್ದಮ್ಮನ ಮುಖ ನೋಡಿ, ಸದ್ದಾಗದಂತೆ ಕೈ ಆಡಿಸಿದರು. ಮೋಹನ್‌ಬಾಬು ನಿಟ್ಟುಸಿರು ಬಿಟ್ಟು ಫೋನು ತೆಗೆದರು. "ಹಲೋ... ಒಂದು ಗಾಡಿ ಖಾಲಿ ಓಡ್ತದಲ್ಲಪ್ಪ... ಹಾಂ, ಅದೇ ಅದೇ. ಅದನ್ನ ಇವತ್ತಿಂದ ಶಿಡ್ಲಘಟ್ಟದಲ್ಲೇ ಕಟ್ ಮಾಡಿ ಚೀಮಲಗುಂಟೆಗೆ ಕಳ್ಸಿ. ಹಾಲ್ಟು. ಮುಂದಕ್ಕೆ ಹೋಗೋ ಜನ ಬೇರೆ ಬಸ್ಸು ಹಿಡ್ಕೊಳ್ತಾರೆ ಬಿಡು."

ಸಂತೋಷಕ್ಕೆ ಸತ್ಯಮೂರ್ತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ಸು ಬರುವವರೆಗೆ ಇದ್ದು ಆರತಿ ಮಾಡಿಸಿಕೊಂಡು ಹೋಗಿ ಎಂದು ಊರವರು ಹಿಡಿದುಕೊಂಡರೂ ಅವನು ನಿಲ್ಲಲಿಲ್ಲ. "ಮನೇಲಿ ದೀಪ ಹಚ್ಬೇಕು" ಎಂದು ಜೀಪಿನ ಹಿಂಬದಿ ಹತ್ತಿದ.

ಶಿಡ್ಲಘಟ್ಟದ ದಾರಿ ಅರ್ಧ ಸಾಗಿರುವಾಗ ಎದುರಿಗೆ ಬಸ್ಸು ಬಂತು. ಬೋರ್ಡಿಲ್ಲ, ಜನವೂ ಇಲ್ಲ, ಧೂಳೆಬ್ಬಿಸಿಕೊಂಡು ಹೊಸ ಅಳಿಯನ ಹಾಗೆ ಗತ್ತಿನಿಂದ ಬರುತ್ತಿತ್ತು. ಸತ್ಯಮೂರ್ತಿ ಜೀಪಿನಿಂದ ಅರ್ಧ ಹೊರಗೆ ಬಾಗಿ ಅದಕ್ಕೆ ಕೈ ಬೀಸಿದ. ಹಿಂದಿನ ಕಿಟಕಿಯೊಂದರಲ್ಲಿ ಮಾತ್ರ ಒಬ್ಬ ಹೆಂಗಸು ಮುಖದ ಮೇಲೆ ಸೆರಗು ಎಳೆದುಕೊಂಡು ಸರಳಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. 'ಯಾರೋ ಪಾಪ, ದಿನವೆಲ್ಲ ದುಡಿದು ಸುಸ್ತಾಗಿದ್ದಾಳೆ' ಎಂದುಕೊಂಡ. 'ಇಂಥವರಿಗಾಗಿಯೇ ಅಲ್ಲವೇ ನನ್ನ ಯೋಜನೆ.' ಅವಳ ಸೆರಗು ಈರುಳ್ಳಿ ಸಿಪ್ಪೆಯ ಬಣ್ಣದ್ದು. ಸಂಜೆಯ ಬಿಸಿಲಲ್ಲಿ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ, ಚಿಕ್ಕಬಳ್ಳಾಪುರದಲ್ಲಿ ಇಳಿದವನೇ ಅಂಗಡಿಗೆ ಹೋಗಿ ಅದೇ ಬಣ್ಣದ ಸೀರೆಯೊಂದನ್ನು ಕವಿತಳಿಗೆಂದು ಕಟ್ಟಿಸಿಕೊಂಡ. ಏನೂ ತರಬೇಡಿ ಅಂದಿದ್ದಳು, ನಿಜ. ಆದರೆ ಸಂತೋಷವಾದಾಗ ಮನುಷ್ಯನ ಕೈ ಸುಮ್ಮನಿರುವುದಿಲ್ಲ.

ಅವತ್ತು ಅವನು ಅವಳ ಬಸ್ಸಿನ ಹೊತ್ತಿಗಿಂತ ಮೊದಲೇ ಮನೆ ಸೇರಿದ. ದೇವರ ಮುಂದೆ ದೀಪ ಹಚ್ಚಿದ. ವರಾಂಡದ ದೀಪ, ನಡುಮನೆಯದು, ಅಡುಗೆಮನೆಯದು, ಬಚ್ಚಲಿನದು, ಎಲ್ಲ ಹಾಕಿದ. ಉಪ್ಪಿಟ್ಟು ಮಾಡಿದ, ಅದು ತಳ ಹಿಡಿದರೂ ಮೇಲುಗಡೆ ಚೆನ್ನಾಗಿತ್ತು. ಬಾಗಿಲು ಹಾಕಿಕೊಂಡು, ಒಳಗಿನಿಂದ ತೆಗೆಯಲು ಸಿದ್ಧನಾಗಿ, ಚಿಲಕದ ಪಕ್ಕವೇ ಕುರ್ಚಿ ಹಾಕಿಕೊಂಡು ಕೂತ. ಬಾಗಿಲು ತಟ್ಟಿದ ಸದ್ದಾಯಿತು. ಹಾರಿ ಎದ್ದು ತೆಗೆದ. ವೆಂಕಟಲಕ್ಷ್ಮಮ್ಮ.

"ಮನೆ ಪೂರಾ ದೀಪ ಉರೀತಿದೆಯಲ್ಲಪ್ಪ, ಕಳ್ಳರೇನಾದ್ರೂ ಬಂದ್ರಾ ಅಂತ ನೋಡಕ್ ಬಂದೆ" ಎಂದರು. ಸತ್ಯಮೂರ್ತಿ ಇದ್ದುದನ್ನು ನಾಚಿಕೊಂಡೇ ಹೇಳಿದ. "ಅಯ್ಯೋ ಒಳ್ಳೇ ಹುಡುಗ!" ಎಂದು ಅವರು ಕಣ್ಣೊರೆಸಿಕೊಂಡು ಹೋದರು.

ಅವಳ ಬಸ್ಸಿನ ಹೊತ್ತು ಬಂತು, ಹೋಯಿತು. ಕವಿತಳಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಉಪ್ಪಿಟ್ಟು ಆರಿತು. ಗೇಟಿನವರೆಗೆ ಹೋಗಿ ಬಂದ, ಮತ್ತೆ ಹೋದ. ಕೊನೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ರೀ, ನಾನು."

"ಕವಿತಾ! ಎಲ್ಲಿದ್ದೀಯೇ? ಎಷ್ಟು ಗಾಬರಿ ಆಯ್ತು ಗೊತ್ತಾ!"

"ನನ್ ಫೋನು ಸತ್ತೋಗಿದೆ. ಇದು ಮುನಿನಾರಾಯಣಪ್ಪ ಅನ್ನೋರ ಫೋನು. ಟೀ ಅಂಗಡಿ ಇಟ್ಟಿದ್ದಾರಂತೆ."

ಸತ್ಯಮೂರ್ತಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ನಮ್ ಬಸ್ಸು ರೀ, ನನ್ ತೊಟ್ಲು! ಸ್ಟ್ಯಾಂಡಲ್ಲಿ ಹತ್ತಿ ಕೂತೆ, ಎಂದಿನ ಹಾಗೆ ನಿದ್ದೆ ಬಂತು. ದಿನಾ ನೋಡೋ ಮುಖ, ದಾರಿ ಬದಲಾಗಿದ್ದು ಗೊತ್ತಿದ್ದೇ ಹತ್ತಿರ್ತಾರೆ, ಟೀಚರಮ್ಮನ್ನ ಎಬ್ಬಿಸೋದು ಬೇಡ ಅಂತ ಕಂಡಕ್ಟರು ಟಿಕೆಟ್ಟನ್ನ ಚೀಲದ ಮೇಲಿಟ್ಟು ಹೋದನಂತೆ. ಯಾರೋ ಆರತಿ ಎತ್ತಿದ್ರು, ಕಣ್ ಬಿಟ್ಟೆ. ಮೊದಲನೇ ಪ್ಯಾಸೆಂಜರು ಅಂತ ನನಗೇ ಹಾರ! ಬಸ್ಸು ಇಲ್ಲೇ ಹಾಲ್ಟಂತೆ, ಬೆಳಿಗ್ಗೇನೇ ಹೊರಡೋದು. ನಿಮ್ ಹೆಸರು ಹೇಳಿದ್ದೇ ತಡ, ಊರಿಗೂರೇ ಬಂದುಬಿಡ್ತು. ಬಸ್ಸು ತಂದ ಸಾರ್ ಮನೆಯೋರು ಅಂತ ಕೋಳಿ ಕುಯ್ಯಕ್ಕೆ ಹೊರಟಿದ್ರು, ಬೇಡ ಅಂದೆ. ಈಗ ಪೆದ್ದಮ್ಮನ ಮನೇಲಿ ಹೋಳಿಗೆ ಊಟ ಆಯ್ತು." ಅವಳ ದನಿಯಲ್ಲಿ ಸಿಟ್ಟಿಗಿಂತ ನಗುವೇ ಹೆಚ್ಚಿತ್ತು.

"ನಾನು ಈಗ್ಲೇ ಬರ್ತೀನಿ ಕಣೇ."

"ಯಾವ ಬಸ್ಸಲ್ಲಿ ಬರ್ತೀರಾ?"

ಸತ್ಯಮೂರ್ತಿಗೆ ಜೀಪಿನಿಂದ ಕಂಡ ಬಸ್ಸಿನ ಕಿಟಕಿ ನೆನಪಾಯಿತು. ಆಮೇಲೆ ಮೆಲ್ಲಗೆ ಕೇಳಿದ: "ಕವಿತಾ, ನೀನು ಉಟ್ಟಿರೋ ಸೀರೆ ಯಾವ ಬಣ್ಣ?"

"ಈರುಳ್ಳಿ ಸಿಪ್ಪೆ ಬಣ್ಣ. ಯಾಕೆ? ಬೆಳಿಗ್ಗೆ ತುಂಬಾ ಚೆನ್ನಾಗಿದೆ ಅಂದ್ರಲ್ಲ?"

ಅವನು ಅಂಗಡಿಯ ಕವರಿನ ಕಡೆ ನೋಡಿದ. ಆ ಕಡೆಯಿಂದ ಅವಳೇ ಮಾತಾಡಿದಳು, ಈ ಸಲ ಸ್ವಲ್ಪ ತಗ್ಗಿದ ದನಿಯಲ್ಲಿ. "ರೀ, ಒಂದ್ ಮಾತು ಹೇಳ್ಲಾ? ಆರತಿ, ಹಾರ ಎಲ್ಲ ಮುಗ್ದು ಮನೆ ಕಡೆ ಬರೋ ಹೊತ್ಗೆ ಇಲ್ಲಿ ಕತ್ತಲಾಗ್ತಾ ಇತ್ತು. ಪೆದ್ದಮ್ಮನ ಮನೇಲಿ ದೀಪ ಹಚ್ಚಿತ್ತು. ಬಾಗಿಲನ್ನ ಅವರೇ ಒಳಗಿಂದ ತೆಗೆದ್ರು."

ಸತ್ಯಮೂರ್ತಿ ಉರಿಯುತ್ತಿದ್ದ ದೀಪಗಳನ್ನು ಒಂದೊಂದಾಗಿ ನೋಡಿದ. "ಇಲ್ಲೂ ಹಚ್ಚಿದ್ದೀನಿ ಕಣೇ" ಎಂದ. "ಹೊರಗಿಂದೂ, ಒಳಗಿಂದೂ, ಬಚ್ಚಲದ್ದೂ."

"ಗೊತ್ತು, ಹಚ್ಚಿರ್ತೀರಾ ಅಂತ" ಎಂದಳು. ಆಮೇಲೆ ಮತ್ತೆ ನಗು ತಂದುಕೊಂಡು, "ಒಂದ್ ವಿಷ್ಯ. ಇಲ್ಲಿಂದ ನಮ್ ಶಾಲೆಗೆ ಅರ್ಧ ಗಂಟೆ ದಾರಿಯಂತೆ ರೀ. ಮುನಿನಾರಾಯಣಪ್ಪನವರ ಮಹಡಿ ಮನೆ ಬಾಡಿಗೆಗೆ ಖಾಲಿ ಇದೆಯಂತೆ. ಬಸ್ ಸ್ಟಾಪಿನ ಎದುರಿಗೇ. ಕೆಲಸದ ಹತ್ರ ಮನೆ, ಮನೆ ಹತ್ರ ಬಸ್ಸು ಅಂತ ನೀವೇ ಹೇಳ್ತೀರಲ್ಲ? ಯೋಚ್ನೆ ಮಾಡಿ" ಎಂದು ಫೋನು ಇಟ್ಟಳು.

ಅಲ್ಲಿಂದ ಅವನ ಆಫೀಸು ಎಷ್ಟು ದೂರ, ಎಷ್ಟು ಬಸ್ಸು ಬದಲಾಯಿಸಬೇಕು ಎಂದು ಸತ್ಯಮೂರ್ತಿ ಮನಸ್ಸಿನಲ್ಲೇ ಲೆಕ್ಕ ಹಾಕಲು ಹೊರಟು, ಅರ್ಧಕ್ಕೇ ಬಿಟ್ಟುಬಿಟ್ಟ. ತಣ್ಣಗಾದ ಉಪ್ಪಿಟ್ಟನ್ನು ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಮೇಲೆ ಬೆಳಿಗ್ಗೆಯಿಂದ ಹಾಗೇ ಬಿದ್ದಿದ್ದ ನಕ್ಷೆಯನ್ನು ಸುತ್ತಿ ಮೂಲೆಗಿಟ್ಟ. ಅಂಗಡಿಯ ಕವರು ಬಿಚ್ಚಿ ಈರುಳ್ಳಿ ಸಿಪ್ಪೆ ಬಣ್ಣದ ಸೀರೆಯನ್ನು ನಕ್ಷೆ ಇದ್ದ ಜಾಗದಲ್ಲೇ ಹರಡಿದ. ಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಆ ಬೆಳಕಿನಲ್ಲಿ ಅಂಚು, ಸೆರಗು, ಒಡಲು ಎಲ್ಲವನ್ನೂ ಬಗ್ಗಿ ಬಗ್ಗಿ ಸರಿಯಾಗಿ ನೋಡಿದ.

"ಚೆನ್ನಾಗಿದೆ ಕಣೇ" ಎಂದ. "ತುಂಬಾ ಚೆನ್ನಾಗಿದೆ."